ಪರಾಜಯದ ಎರಡು ವರ್ಷಗಳು: ಹೈದರಾಬಾದು ಸಂಸ್ಥಾನದ ಕಾಲ್ಚೆಂಡಾಟವೂ ಸೇಡಂ ಸೀಮೆಯೂ

೧. ವಿಷಯಪ್ರವೇಶ

ಸಂತೋಷ ಟ್ರೋಫಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಅಖಿಲಭಾರತ ಕಾಲ್ಚೆಂಡಿನ ಪಂದ್ಯಾವಳಿಯು ೧೯೪೧ರಲ್ಲಿ ಆರಂಭವಾಯಿತು. ಅದರ ಕೋಷ್ಟಕವನ್ನು ನೋಡಿದರೆ, ಅಂತಿಮಪಂದ್ಯದ ಪಂಕ್ತಿಯಲ್ಲಿ ಹೈದರಾಬಾದಿನ ಹೆಸರು ಮೊದಲು ಕಾಣುವುದು ೧೯೪೯-೫೦ನೆಯ ಸಾಲಿನಲ್ಲಿ. ಕಲಕತ್ತೆಯಲ್ಲಿ ನಡೆದ ಆ ಪಂದ್ಯದಲ್ಲಿ ವಂಗದೇಶದವರು ಐದು ಗೋಲುಗಳನ್ನು ಗಳಿಸಿದರು. ಹೈದರಾಬಾದಿನವರಿಗೆ ಒಂದಾದರೂ ದೊರೆಯಲಿಲ್ಲ. ಮರುವರ್ಷ, ಎಂದರೆ ೧೯೫೦-೫೧ರಲ್ಲಿ, ಪುನಃ ಕಲಕತ್ತೆಯಲ್ಲಿಯೇ ಆ ಎರಡು ಪಕ್ಷಗಳು ಎದುರುಬದುರಾದವು. ಈ ಸಲ ವಂಗದೇಶದವರು ಒಂದೇ ಗೋಲಿನಿಂದ ಗೆದ್ದರು. ಕೋಷ್ಟಕವು ಇಷ್ಟನ್ನು ಮಾತ್ರ ಹೇಳಿ ಸುಮ್ಮನಾಗುತ್ತದೆ.

ಈ ಎರಡು ಪಂಕ್ತಿಗಳಿಗೂ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ನಮ್ಮ ಐದು ಊರುಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಸ್ಪಷ್ಟವಾಗಿಯೇ ಇದೆ. ಆ ವರ್ಷಗಳಲ್ಲಿ ಈ ಐದೂ ಊರುಗಳು ಹೈದರಾಬಾದು ಸಂಸ್ಥಾನದ ಗುಲ್ಬರ್ಗ ಜಿಲ್ಲೆಗೆ ಸೇರಿದ್ದವು. ರಾಜ್ಯದ ಹೆಸರನ್ನು ಹೊತ್ತು ಆಡಿದ ಪಕ್ಷವು ಆ ರಾಜ್ಯದ ಎಲ್ಲ ತಾಲೂಕುಗಳ ಪಕ್ಷವಾಗುವುದಾದರೆ, ಕಲಕತ್ತೆಯ ಆ ಎರಡು ಸೋಲುಗಳಲ್ಲಿ ಸೇಡಮ್ಮಿಗೂ ಚಿಂಚೋಳಿಗೂ ನ್ಯಾಯವಾದ ಪಾಲು ಉಂಟು. ಆದರೂ ಕರ್ಣಾಟಕದ ಕ್ರೀಡೆಯ ಕಥೆಯನ್ನು ಹೇಳುವವರು ೧೯೪೬-೪೭ರಲ್ಲಿಯೂ ೧೯೫೨-೫೩ರಲ್ಲಿಯೂ ಮೈಸೂರಿನ ಪಕ್ಷವು ಬೆಂಗಳೂರಿನಲ್ಲಿ ವಂಗದೇಶವನ್ನು ಗೆದ್ದುದನ್ನು ಹೇಳಿ, ಹೈದರಾಬಾದಿನ ಸೋಲನ್ನು ಅನ್ಯರ ಲೆಕ್ಕಕ್ಕೆ ಹಾಕುವುದು ವಾಡಿಕೆಯಾಗಿದೆ. ಈ ವಾಡಿಕೆಯು ಯುಕ್ತವೇ ಎಂಬುದು ಪ್ರಕೃತ ಲೇಖನದ ವಿಚಾರ.

ಈ ಲೇಖಕನು ಸಂಸ್ಕೃತಪಾಠಶಾಲೆಗಳಲ್ಲಿ ತರ್ಕವ್ಯಾಕರಣಗಳನ್ನು ಓದಿದವನೇ ಹೊರತು ಕಾಲ್ಚೆಂಡನ್ನು ಆಡಿದವನಲ್ಲ. ಆದುದರಿಂದ ಆಟದ ಚಮತ್ಕಾರವನ್ನು ವರ್ಣಿಸುವ ಸಾಹಸಕ್ಕೆ ಹೋಗದೆ, ಪರಾಜಯವನ್ನು ಇತಿಹಾಸದಲ್ಲಿ ಹೇಗೆ ಲೆಕ್ಕಿಸಬೇಕೆಂಬುದನ್ನು ಮಾತ್ರ ವಿಚಾರಿಸಲಾಗುವುದು.

೨. ಎರಡು ಆಕ್ಷೇಪಗಳು

ಮೊದಲನೆಯ ಆಕ್ಷೇಪ: ಆಟವು ವಿದ್ವತ್ಪತ್ರಿಕೆಯ ವಿಷಯವಾಗಲಾರದು. ಇದಕ್ಕೆ ಸಮಾಧಾನವು ನಮ್ಮ ನೆರೆಯಲ್ಲಿಯೇ ದೊರೆಯುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನೀತಿ, ವೈದ್ಯ, ಸಂಗೀತಗಳ ಜೊತೆಯಲ್ಲಿಯೇ ಮಲ್ಲರ ಕಾಳಗವನ್ನೂ ಕುದುರೆಯೇರಿ ಚೆಂಡು ಹೊಡೆಯುವ ಆಟವನ್ನೂ ವಿನೋದಗಳೆಂದು ವಿಸ್ತಾರವಾಗಿ ನಿರೂಪಿಸಿದ್ದಾನೆ. ಚಕ್ರವರ್ತಿಯೇ ಶಾಸ್ತ್ರದಲ್ಲಿ ಸ್ಥಾನಕೊಟ್ಟ ವಿಷಯಕ್ಕೆ ನಾವು ಬಾಗಿಲು ಮುಚ್ಚುವುದು ಉಚಿತವಲ್ಲ.

ಎರಡನೆಯ ಆಕ್ಷೇಪ: ಆಟವು ವಿಷಯವಾದರೂ ಸೋಲು ವಿಷಯವಾಗಲಾರದು, ಗೆದ್ದವರ ಚರಿತ್ರೆಯೇ ಚರಿತ್ರೆ. ಇದಕ್ಕೂ ಉತ್ತರವನ್ನು ಸೇಡಂ ತಾಲೂಕಿನಲ್ಲಿಯೇ ಹುಡುಕಬಹುದು. ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ವಿದ್ವಾಂಸರಿಗೆ ವಿದಿತವಾದ ಸಂಗತಿ. ಆ ವಂಶದ ತಾಮ್ರಪಟಗಳೂ ಶಿಲಾಶಾಸನಗಳೂ ದಿಗ್ವಿಜಯಗಳಿಂದ ತುಂಬಿವೆ. ಆದರೆ ಕ್ರಿ. ಶ. ೯೭೨ರಲ್ಲಿ ಮಾಳವದ ಪರಮಾರ ಸೀಯಕನು ಖೊಟ್ಟಿಗನ ಕಾಲದಲ್ಲಿ ಮಾನ್ಯಖೇಟವನ್ನು ಸೂರೆಗೊಂಡ ಸಂಗತಿ ನಮಗೆ ತಿಳಿಯುವುದು ಹೆಚ್ಚಾಗಿ ಅನ್ಯಮೂಲಗಳಿಂದ. ಪರಮಾರರ ಉದಯಪುರ ಪ್ರಶಸ್ತಿಯು ಅದನ್ನು ಜಯವೆಂದು ಕೊಂಡಾಡುತ್ತದೆ. ಧನಪಾಲನೆಂಬ ಪಂಡಿತನು ತನ್ನ ಪ್ರಾಕೃತಕೋಶವನ್ನು ಮುಗಿಸಿದ ಕಾಲವನ್ನು ಹೇಳುವಾಗ, ಮಾಳವದವರು ಮಾನ್ಯಖೇಟವನ್ನು ಲೂಟಿಮಾಡಿದ ವರ್ಷವೆಂದು, ವಿಕ್ರಮಸಂವತ್ಸರ ೧೦೨೯ನ್ನು ಗುರುತಿಸುತ್ತಾನೆ. ಮಾನ್ಯಖೇಟದಲ್ಲಿ ಆಶ್ರಯಪಡೆದಿದ್ದ ಅಪಭ್ರಂಶಕವಿ ಪುಷ್ಪದಂತನು ಮಾತ್ರ ಆ ದುಃಖವನ್ನು ಒಳಗಿನವನಾಗಿ ನುಡಿದಿದ್ದಾನೆ.

ಹೀಗೆ ನಮ್ಮ ಸೀಮೆಯ ಅತಿ ದೊಡ್ಡ ಸೋಲಿನ ತೇದಿಯನ್ನು ನಾವು ಗೆದ್ದವರ ಕಡೆಯ ಕೋಶಕಾರನಿಂದ ಕೇಳಿ ತಿಳಿಯಬೇಕಾಯಿತು. ತನ್ನ ಸೋಲನ್ನು ತಾನೇ ಬರೆದಿಡದ ಸೀಮೆಗೆ ಒದಗುವ ಗತಿ ಇದು. ಕಾಲ್ಚೆಂಡಿನ ಸೋಲು ಸಣ್ಣದು, ರಾಜಧಾನಿಯ ಸೋಲು ದೊಡ್ಡದು ಎಂಬ ತಾರತಮ್ಯವನ್ನು ಒಪ್ಪತಕ್ಕದ್ದೇ. ಆದರೆ ಮರೆಯುವ ಅಭ್ಯಾಸವು ಎರಡು ಕಡೆಗಳಲ್ಲಿಯೂ ಒಂದೇ ಆಗಿದೆ.

೩. ಶಾಸ್ತ್ರದಲ್ಲಿ ಸೋಲಿನ ವಿಚಾರ

ಪ್ರಶಸ್ತಿಕಾರರು ಸೋಲನ್ನು ಮರೆಸಿದರು, ನೈಯಾಯಿಕರು ಮರೆಸಲಿಲ್ಲ. ಚಿತ್ತಾಪುರ ತಾಲೂಕಿನ ನಾಗಾವಿಯಲ್ಲಿ ಘಟಿಕಾಸ್ಥಾನವೆಂಬ ವಿದ್ಯಾಸಂಸ್ಥೆಯಿದ್ದಿತು. ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, ಕ್ರಿ. ಶ. ೧೦೫೮ರ ಶಾಸನವು ಅದರ ವೈಭವವನ್ನು ತಿಳಿಸುತ್ತದೆ. ವೇದವಿದ್ಯಾರ್ಥಿಗಳು ೨೦೦ ಮಂದಿ, ಅವರಲ್ಲದೆ ಶಾಸ್ತ್ರವನ್ನು ಓದುವವರು, ಅವರವರ ಉಪಾಧ್ಯಾಯರು, ಸರಸ್ವತೀ ಭಂಡಾರವನ್ನು ಕಾಯುವವರು ಆರು ಮಂದಿ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ನಮ್ಮ ಸೀಮೆಯ ಮಹಾಪಾಠಶಾಲೆ, ಅಥವಾ ಕಾಲೇಜು. ಅಲ್ಲಿ ಬೋಧಿಸುತ್ತಿದ್ದ ಶಾಸ್ತ್ರಗಳಲ್ಲಿ ನ್ಯಾಯವೂ ಒಂದು.

ಗೌತಮನ ನ್ಯಾಯಸೂತ್ರದ ಐದನೆಯ ಅಧ್ಯಾಯದಲ್ಲಿ ನಿಗ್ರಹಸ್ಥಾನಗಳೆಂಬ ೨೨ ಪದಾರ್ಥಗಳು ನಿರೂಪಿತವಾಗಿವೆ. ವಾದದಲ್ಲಿ ಸೋತವನು ಎಲ್ಲಿ ಸೋತನು, ಯಾವ ಕಾರಣದಿಂದ ಸೋತನು ಎಂಬುದನ್ನು ಹೆಸರಿಟ್ಟು ಹೇಳುವ ಶಾಸ್ತ್ರಭಾಗ ಅದು. ಉತ್ತರವು ಹೊಳೆಯದೆ ನಿಲ್ಲುವುದು ಅಪ್ರತಿಭೆ. ಎದುರಾಳಿಯು ತಪ್ಪಿ ಸಿಕ್ಕಿದಾಗ ಅದನ್ನು ಎತ್ತಿ ತೋರಿಸದೆ ಬಿಡುವುದು ಪರ್ಯನುಯೋಜ್ಯೋಪೇಕ್ಷಣ. ಇಂಥವನ್ನು ವಿದ್ಯಾರ್ಥಿಯು ಕಂಠಪಾಠ ಮಾಡುತ್ತಿದ್ದುದು ಸೋತವನನ್ನು ಹಳಿಯಲಿಕ್ಕಾಗಿ ಅಲ್ಲ. ಮುಂದಿನ ಸಭೆಯಲ್ಲಿ ಅದೇ ಸ್ಥಾನದಲ್ಲಿ ತಾನು ಬೀಳದಿರಲಿಕ್ಕಾಗಿ. ಕಾಲ್ಚೆಂಡಿನ ಸೋಲನ್ನು ನೋಡುವುದಕ್ಕೂ ಈ ದೃಷ್ಟಿಯೇ ಯೋಗ್ಯವೆಂದು ತೋರುತ್ತದೆ.

೪. ಸಂಸ್ಥಾನ, ರೈಲುದಾರಿ, ಕಾಲೇಜು

ಈಗ ಆ ಎರಡು ವರ್ಷಗಳ ಹಿನ್ನೆಲೆಯನ್ನು ವಿಚಾರಿಸೋಣ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ರೈಲುದಾರಿಯು ೧೮೭೧ರಲ್ಲಿ ರಾಯಚೂರನ್ನು ಮುಟ್ಟಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುದಾರಿಯು ತೆರೆಯಿತು. ಅಂದಿನಿಂದ ವಾಡಿಯು ಜಂಕ್ಷನ್ ಆಯಿತು. ಹೈದರಾಬಾದಿನಿಂದ ಮುಂಬಯಿಗೆ ಹೋಗುವವನು ತಾಂಡೂರನ್ನು ದಾಟಿ ಸೇಡಂ, ಮಳಖೇಡ ರೋಡ್, ಚಿತ್ತಾಪುರಗಳ ಮೂಲಕ ವಾಡಿಗೆ ಬಂದು, ಅಲ್ಲಿಂದ ಶಹಾಬಾದ, ಕಲಬುರ್ಗಿಗಳನ್ನು ಹಾದು ಮುಂದುವರಿಯಬೇಕು. ಶಹಾಬಾದವು ಹಾಸುಗಲ್ಲಿಗೆ ಹೆಸರಾದ ಊರು. ಅಲ್ಲಿ ಸಿಮೆಂಟಿನ ಕಾರ್ಖಾನೆಯೂ ಸ್ಥಾಪಿತವಾಗಿ, ಅದರ ಕಂಪನಿಯು ೧೯೩೬ರಲ್ಲಿ ಅಸೋಸಿಯೇಟೆಡ್ ಸಿಮೆಂಟ್ ಕಂಪನಿಯಲ್ಲಿ ಲೀನವಾಯಿತು. ಚಿಂಚೋಳಿಯು ಮಾತ್ರ ಈ ಕಬ್ಬಿಣದ ದಾರಿಯಿಂದ ದೂರ ಉಳಿಯಿತು.

ವಿದ್ಯೆಯ ದಾರಿಯೂ ಇದೇ ದಿಕ್ಕಿಗೆ ಸಾಗುತ್ತಿತ್ತು. ೧೯೧೮ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದು ಮಾಧ್ಯಮದಲ್ಲಿ ಸ್ಥಾಪಿತವಾಯಿತು. ಅದಕ್ಕೆ ಸೇರಿದ ಇಂಟರ್ಮೀಡಿಯೆಟ್ ಕಾಲೇಜು ಕಲಬುರ್ಗಿಯಲ್ಲಿದ್ದಿತು. ಮನೆಯಲ್ಲಿ ಕನ್ನಡವನ್ನಾಡುವ ನಮ್ಮ ಸೀಮೆಯ ಹುಡುಗನು ಶಾಲೆಯಲ್ಲಿ ಉರ್ದುವನ್ನು ಕಲಿತು, ಕಾಲೇಜಿಗಾಗಿ ಕಲಬುರ್ಗಿಗೋ ಹೈದರಾಬಾದಿಗೋ ಹೋಗಬೇಕಾಗಿದ್ದಿತು. ಆ ಕಾಲೇಜುಗಳಲ್ಲಿ ಅವನು ಕಂಡ ನೂತನ ವಸ್ತುಗಳಲ್ಲಿ ಕಾಲ್ಚೆಂಡೂ ಒಂದು. ಸಿಕಂದರಾಬಾದಿನ ದಂಡಿನ ಪ್ರದೇಶದಲ್ಲಿ ಆಂಗ್ಲಸೈನಿಕರು ಆಡುತ್ತಿದ್ದ ಈ ಆಟವು ಪೋಲೀಸು ಪಡೆಗೂ ವಿಶ್ವವಿದ್ಯಾಲಯಕ್ಕೂ ಹಬ್ಬಿ, ವಿದ್ಯಾರ್ಥಿಗಳಿಂದ ನಗರದ ಸಂಘಗಳಿಗೆ ಹರಿಯಿತು.

ರಾಜಕೀಯಸ್ಥಿತಿಯನ್ನೂ ನೆನೆಯಬೇಕು. ೧೯೩೮ರಲ್ಲಿ ವಂದೇ ಮಾತರಂ ಗೀತವನ್ನು ಹಾಡಿದರೆಂಬ ಕಾರಣದಿಂದ ಉಸ್ಮಾನಿಯಾದ ವಿದ್ಯಾರ್ಥಿಗಳು ಬಹುಸಂಖ್ಯೆಯಲ್ಲಿ ಹೊರಹಾಕಲ್ಪಟ್ಟು ನಾಗಪುರ ಮೊದಲಾದೆಡೆಗಳಿಗೆ ಹೋಗಿ ಓದಬೇಕಾಯಿತು. ೧೯೪೭-೪೮ರಲ್ಲಿ ರಜಾಕಾರರ ಹಾವಳಿ ನಡೆಯಿತು. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು; ೧೭ರಂದು ನಿಜಾಮರ ಆಡಳಿತವು ಶರಣಾಯಿತು. ೧೯೪೯ರ ಕೊನೆಯವರೆಗೆ ಜನರಲ್ ಚೌಧರಿಯವರ ಸೈನಿಕಾಡಳಿತ. ೧೯೫೦ರ ಆರಂಭದಿಂದ ವೆಲ್ಲೋಡಿಯವರ ಮಂತ್ರಿತ್ವ. ಕಲಕತ್ತೆಯ ಎರಡು ಸೋಲುಗಳು ಈ ಸಂಧಿಕಾಲದಲ್ಲಿಯೇ ಸಂಭವಿಸಿದವು. ರಾಜ್ಯವೇ ತನ್ನ ಹೊಸ ರೂಪವನ್ನು ಕಾಣದಿದ್ದ ಕಾಲದಲ್ಲಿ ಅದರ ಹೆಸರಿನ ಹನ್ನೊಂದು ಮಂದಿ ಅಂತಿಮಪಂದ್ಯದವರೆಗೆ ನಡೆದದ್ದು ಸಾಮಾನ್ಯವಾದ ಮಾತಲ್ಲ.

೫. ಐದು ಗೋಲಿನಿಂದ ಒಂದು ಗೋಲಿಗೆ

ಸೋಲಿನ ಎರಡು ಪಂಕ್ತಿಗಳನ್ನು ಬಿಡಿಬಿಡಿಯಾಗಿ ಓದದೆ ಒಟ್ಟಿಗೆ ಓದಿದರೆ ಒಂದು ಅರ್ಥವು ಹೊರಡುತ್ತದೆ. ಎದುರಾಳಿ ಅದೇ, ನಗರವೂ ಅದೇ, ಗೋಲುಗಳ ಅಂತರ ಮಾತ್ರ ಐದರಿಂದ ಒಂದಕ್ಕೆ ಇಳಿದಿದೆ. ಇದನ್ನು ಆಕಸ್ಮಿಕವೆನ್ನಬಹುದೇ ಎಂದರೆ, ಆ ಕಾಲದ ಇತರ ಫಲಿತಾಂಶಗಳನ್ನು ನೋಡಬೇಕು. ೧೯೫೦ರಲ್ಲಿಯೇ ಹೈದರಾಬಾದು ನಗರ ಪೋಲೀಸು ಪಕ್ಷವು ದಿಲ್ಲಿಯ ಡ್ಯುರಾಂಡ್ ಪಂದ್ಯಾವಳಿಯಲ್ಲಿ ಕಲಕತ್ತೆಯ ಮೋಹನ್ ಬಾಗಾನನ್ನು ಸೋಲಿಸಿ ಜಯಶಾಲಿಯಾಯಿತು. ಅದೇ ಪಕ್ಷವು ಮುಂಬಯಿಯ ರೋವರ್ಸ್ ಪಂದ್ಯಾವಳಿಯನ್ನು ೧೯೫೦ರಿಂದ ೧೯೫೪ರವರೆಗೆ ಸತತವಾಗಿ ಐದು ವರ್ಷ ಗೆದ್ದಿತು. ಆದುದರಿಂದ ಅಂತರವು ಇಳಿದದ್ದು ಅಭ್ಯಾಸದ ಫಲವೆಂದು ಊಹಿಸುವುದೇ ಯುಕ್ತ.

ಈ ಅಭ್ಯಾಸದ ಮೂಲಪುರುಷರು ಸೈಯದ್ ಅಬ್ದುಲ್ ರಹೀಮರು. ಇವರು ೧೯೦೯ರಲ್ಲಿ ಹೈದರಾಬಾದಿನಲ್ಲಿ ಜನಿಸಿ, ಉಸ್ಮಾನಿಯಾದಲ್ಲಿ ಓದಿ, ಅಲ್ಲಿಯ ವಿದ್ಯಾರ್ಥಿಗಳೊಡನೆ ಆಡಿ, ಕಾಚಿಗುಡ ಮೊದಲಾದ ಕಡೆಗಳ ಶಾಲೆಗಳಲ್ಲಿ ಉಪಾಧ್ಯಾಯರಾಗಿದ್ದವರು. ೧೯೪೩ರಿಂದ ಹೈದರಾಬಾದು ಕಾಲ್ಚೆಂಡಿನ ಸಂಘದ ಕಾರ್ಯದರ್ಶಿಗಳಾಗಿಯೂ, ೧೯೫೦ರಿಂದ ಪೋಲೀಸು ಪಕ್ಷದ ಶಿಕ್ಷಕರಾಗಿಯೂ ದುಡಿದು ೧೯೬೩ರ ಜೂನ್ ೧೧ರಂದು ದಿವಂಗತರಾದರು. ಇವರ ಬೋಧನಕ್ರಮವು ಗಮನಾರ್ಹವಾಗಿದೆ. ಚೆಂಡನ್ನು ತಾನೇ ಹಿಡಿದು ಓಡುವುದನ್ನು ನಿಷೇಧಿಸಿ, ಬಂದ ಚೆಂಡನ್ನು ಕೂಡಲೇ ಜೊತೆಗಾರನಿಗೆ ಕೊಡಬೇಕೆಂಬ ನಿಯಮದ ಪಂದ್ಯಗಳನ್ನು ಹುಡುಗರಿಗಾಗಿ ಏರ್ಪಡಿಸುತ್ತಿದ್ದರು. ಬಲಗಾಲಿನವನು ಎಡಗಾಲಿನಿಂದಲೇ ಆಡಬೇಕೆಂಬ ಪಂದ್ಯಗಳನ್ನೂ ನಡೆಸುತ್ತಿದ್ದರು. ದುರ್ಬಲವಾದ ಕಾಲನ್ನೇ ಮುಂದಕ್ಕೆ ತರಿಸುವ ಈ ಕ್ರಮವು, ಶಿಷ್ಯನು ಎಲ್ಲಿ ತಡವರಿಸುವನೋ ಆ ಪಂಕ್ತಿಯನ್ನೇ ಮತ್ತೆ ಮತ್ತೆ ಓದಿಸುವ ಪಾಠಶಾಲೆಯ ಗುರುವಿನ ಕ್ರಮದಂತಿದೆ. ಸೋತ ಸ್ಥಾನವನ್ನು ಗುರುತಿಸಿ ತಿದ್ದುವ ನಿಗ್ರಹಸ್ಥಾನದ ತತ್ತ್ವವನ್ನು ರಹೀಮರು ಹೆಸರಿಲ್ಲದೆಯೇ ಆಚರಣೆಗೆ ತಂದರೆಂದು ಹೇಳಬಹುದು.

ಗೆದ್ದವರ ಕಡೆಯ ಬಲವನ್ನೂ ಇಲ್ಲಿ ಹೇಳತಕ್ಕದ್ದು. ಆ ಕಾಲದಲ್ಲಿ ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘದಲ್ಲಿ ಪಂಚಪಾಂಡವರೆಂದು ಪ್ರಸಿದ್ಧರಾದ ಐವರು ಮುಂಚೂಣಿಯ ಆಟಗಾರರಿದ್ದರು: ಅಪ್ಪಾರಾವ್, ವೆಂಕಟೇಶ್, ಧನರಾಜ್, ಅಹಮದ್ ಖಾನ್, ಸಾಲೆ. ಇವರಲ್ಲಿ ಧನರಾಜರೂ ಅಹಮದ್ ಖಾನರೂ ಬೆಂಗಳೂರಿನಿಂದ ಹೋದವರು. ವಂಗದೇಶದ ಕಾಲ್ಚೆಂಡಿನ ಶಕ್ತಿಯಲ್ಲಿ ಕನ್ನಡನಾಡಿನ ಪಾಲೂ ಇದ್ದಿತೆಂದಾಯಿತು. ನಮ್ಮವರು, ಅನ್ಯರು ಎಂಬ ಗೆರೆಯನ್ನು ರಾಜ್ಯದ ಗಡಿಯಿಂದ ಮಾತ್ರ ಎಳೆಯಲಾಗದೆಂಬುದಕ್ಕೆ ಇದು ನಿದರ್ಶನ.

೬. ಲಂಡನ್ನಿನಲ್ಲಿಯೂ ಹೆಲ್ಸಿಂಕಿಯಲ್ಲಿಯೂ

ಇದೇ ಪಾಠವು ದೇಶದ ಮಟ್ಟದಲ್ಲಿಯೂ ಪುನರಾವೃತ್ತವಾಯಿತು. ೧೯೪೮ರ ಜುಲೈ ೩೧ರಂದು ಲಂಡನ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತವು ಫ್ರಾನ್ಸಿನ ಎದುರು ಎರಡಕ್ಕೆ ಒಂದರಂತೆ ಸೋತಿತು. ನಮ್ಮ ಆಟಗಾರರಲ್ಲಿ ಬಹುಮಂದಿ ಬರಿಗಾಲಿನವರು. ಭಾರತದ ಏಕಮಾತ್ರ ಗೋಲನ್ನು ಹೊಡೆದವರು ಮೈಸೂರಿನ ಪಕ್ಷದಲ್ಲಿ ಆಡಿದ ಸಾರಂಗಪಾಣಿ ರಾಮನ್. ಆ ಪಂದ್ಯದಲ್ಲಿ ಎದುರಾಳಿಗಳ ತಪ್ಪಿಗಾಗಿ ಎರಡು ದಂಡದ ಹೊಡೆತಗಳು ನಮಗೆ ದೊರೆತವು, ಎರಡೂ ವ್ಯರ್ಥವಾದವು. ಹಿಂದೆ ಹೇಳಿದ ಪರ್ಯನುಯೋಜ್ಯೋಪೇಕ್ಷಣಕ್ಕೆ ಇದಕ್ಕಿಂತ ತಕ್ಕ ದೃಷ್ಟಾಂತವನ್ನು ಆಟದ ಕ್ಷೇತ್ರದಲ್ಲಿ ಹುಡುಕುವುದು ಕಷ್ಟ.

೧೯೫೨ರ ಜುಲೈ ೧೫ರಂದು ಹೆಲ್ಸಿಂಕಿಯಲ್ಲಿ, ರಹೀಮರ ಶಿಕ್ಷಣದಲ್ಲಿಯೇ ಇದ್ದ ಭಾರತಪಕ್ಷವು ಯುಗೋಸ್ಲಾವಿಯದ ಎದುರು ಹತ್ತಕ್ಕೆ ಒಂದರಂತೆ ಸೋತಿತು. ಆ ಪಕ್ಷದಲ್ಲಿ ಹೈದರಾಬಾದಿನ ನೂರ್ ಮಹಮ್ಮದ್, ಅಜೀಜುದ್ದೀನ್ ಮೊದಲಾದವರಿದ್ದರು. ಆ ದಿನದ ಏಕಮಾತ್ರ ಗೋಲು ಬೆಂಗಳೂರಿನ ಅಹಮದ್ ಖಾನರದು. ಉತ್ತರವೇ ಹೊಳೆಯದ ಅಪ್ರತಿಭೆಯ ಸ್ಥಿತಿ ಅದು. ಶೀತದೇಶದ ಮೈದಾನದಲ್ಲಿ ಬರಿಗಾಲಿನ ಆಟವು ಸಲ್ಲದೆಂಬುದು ಅಲ್ಲಿ ನಿರ್ಣೀತವಾಗಿ, ತರುವಾಯ ನಮ್ಮವರು ಬೂಟು ಧರಿಸಿ ಆಡುವುದು ಕಡ್ಡಾಯವಾಯಿತು. ನಾಲ್ಕು ವರ್ಷಗಳ ಬಳಿಕ, ೧೯೫೬ರ ಮೆಲ್ಬೋರ್ನ್ ಕ್ರೀಡೆಗಳಲ್ಲಿ, ಭಾರತವು ಆಸ್ಟ್ರೇಲಿಯವನ್ನು ನಾಲ್ಕಕ್ಕೆ ಎರಡರಂತೆ ಗೆದ್ದು ಉಪಾಂತ್ಯಕ್ಕೆ ಬಂದಿತು. ಅಲ್ಲಿ ಪುನಃ ಯುಗೋಸ್ಲಾವಿಯವೇ ಎದುರಾಯಿತು. ಮೊದಲ ಗೋಲು ಭಾರತದ್ದಾದರೂ ಕೊನೆಗೆ ನಾಲ್ಕಕ್ಕೆ ಒಂದರಂತೆ ಸೋಲಾಯಿತು. ಒಟ್ಟಿನಲ್ಲಿ ನಾಲ್ಕನೆಯ ಸ್ಥಾನವು ದೊರೆಯಿತು. ಕಲಕತ್ತೆಯಲ್ಲಿ ಐದು ಗೋಲಿನ ಅಂತರವು ಒಂದಕ್ಕೆ ಇಳಿದಂತೆ, ಇಲ್ಲಿ ಒಂಬತ್ತರ ಅಂತರವು ಮೂರಕ್ಕೆ ಇಳಿಯಿತು. ೧೯೬೨ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ದಕ್ಷಿಣ ಕೊರಿಯವನ್ನು ಗೆದ್ದು ಸುವರ್ಣಪದಕವನ್ನು ಪಡೆದ ಪಕ್ಷದ ಶಿಕ್ಷಕರೂ ರಹೀಮರೇ. ಜಕಾರ್ತಾದ ಪದಕವನ್ನು ಹೆಲ್ಸಿಂಕಿಯ ಸೋಲಿನಿಂದ ಬೇರ್ಪಡಿಸಿ ಹೇಳುವ ಚರಿತ್ರೆಯು ಕಾರಣವನ್ನು ಬಿಟ್ಟು ಕಾರ್ಯವನ್ನು ಮಾತ್ರ ಹೇಳಿದಂತಾಗುತ್ತದೆ.

೭. ಸೋಲು ಯಾರದು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ೧೯೫೬ರ ನವೆಂಬರ್ ೧ರಂದು ಹೈದರಾಬಾದು ರಾಜ್ಯವು ಇಲ್ಲವಾಯಿತು. ಗುಲ್ಬರ್ಗ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಸೇಡಂ, ಚಿತ್ತಾಪುರ, ಚಿಂಚೋಳಿಗಳನ್ನೊಳಗೊಂಡ ಉಳಿದ ಭಾಗವು ಮೈಸೂರಿಗೆ ಸೇರಿತು. ಒಂದೇ ರೈಲುದಾರಿಯ ಮೇಲಿನ ಸೇಡಮ್ಮಿಗೂ ತಾಂಡೂರಿಗೂ ನಡುವೆ ರಾಜ್ಯದ ಗೆರೆ ಬಿದ್ದಿತು.

ಹೈದರಾಬಾದಿನ ಹೆಸರು ಮಾತ್ರ ಆಟದ ಕೋಷ್ಟಕದಲ್ಲಿ ಇನ್ನೂ ಕೆಲವು ಕಾಲ ಉಳಿಯಿತು. ೧೯೫೬-೫೭ನೆಯ ಸಾಲಿನಲ್ಲಿ ತಿರುವನಂತಪುರದಲ್ಲಿಯೂ, ೧೯೫೭-೫೮ನೆಯ ಸಾಲಿನಲ್ಲಿ ಹೈದರಾಬಾದಿನಲ್ಲಿಯೇ ಆ ಪಕ್ಷವು ಮುಂಬಯಿಯನ್ನು ಸೋಲಿಸಿ ಸಂತೋಷ ಟ್ರೋಫಿಯನ್ನು ಪಡೆಯಿತು. ಕಾಲಕ್ರಮವನ್ನು ಪರಿಶೀಲಿಸಿದರೆ ಒಂದು ವಿಚಿತ್ರಸ್ಥಿತಿ ಕಾಣುತ್ತದೆ. ಹೈದರಾಬಾದು ಕಲಕತ್ತೆಯಲ್ಲಿ ಎರಡು ಸಲ ಸೋತಾಗ ನಮ್ಮ ಐದು ಊರುಗಳು ಆ ರಾಜ್ಯದೊಳಗೆ ಇದ್ದವು. ಅದು ತನ್ನ ನಗರದಲ್ಲಿಯೇ ಗೆದ್ದು ಮೆರೆದಾಗ ಇವು ಮೈಸೂರಿನ ಪ್ರಜೆಗಳಾಗಿದ್ದವು. ಮೈಸೂರು ಬೆಂಗಳೂರಿನಲ್ಲಿ ಎರಡು ಸಲ ಗೆದ್ದಾಗಲಾದರೋ ಇವು ಮೈಸೂರಿಗೆ ಸೇರಿರಲಿಲ್ಲ. ರಾಜ್ಯದ ಗಡಿಯೇ ಪ್ರಮಾಣವಾದರೆ, ಆ ದಶಕದಲ್ಲಿ ಸೇಡಂ ಸೀಮೆಯ ಪಾಲಿಗೆ ಬಂದದ್ದು ಸೋಲೇ. ಅದನ್ನೂ ನಾವು ಬಿಟ್ಟುಕೊಟ್ಟರೆ ಆ ಕಾಲದ ಕಥೆಯಲ್ಲಿ ನಮಗೆ ಉಳಿಯುವುದು ಶೂನ್ಯ.

ಇಲ್ಲಿ ಒಂದು ಶಂಕೆ ಹುಟ್ಟಬಹುದು: ನಿಜಾಮರ ಕಾಲದ ದುಃಖವನ್ನು ಉಂಡ ಜನರು ಆ ರಾಜ್ಯದ ಆಟವನ್ನು ತಮ್ಮದೆಂದು ಹೇಗೆ ಎಣಿಸಿಯಾರು? ಶಂಕೆಯು ಸಕಾರಣವಾದುದೇ. ೧೯೪೭-೪೮ರ ಸಂಕಟವನ್ನು ಈ ಸೀಮೆಯ ಮನೆಗಳು ಮರೆತಿಲ್ಲ. ಮರೆಯಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಕಲಕತ್ತೆಯಲ್ಲಿ ಸೋತ ಪಕ್ಷವು ನಿಜಾಮರ ಸ್ವತಂತ್ರರಾಜ್ಯದ್ದಲ್ಲ. ಭಾರತದಲ್ಲಿ ವಿಲೀನವಾದ ರಾಜ್ಯದ್ದು. ಅದನ್ನು ತಿದ್ದಿದವರು ಒಬ್ಬ ಶಾಲಾಶಿಕ್ಷಕರು. ನಮ್ಮ ಪ್ರಾಂತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ೧೯೪೮ರ ವಿಮೋಚನೆಯನ್ನು ಹೇಳಿ, ಒಮ್ಮೆಲೇ ೧೯೫೬ರ ಏಕೀಕರಣಕ್ಕೆ ಹಾರುತ್ತಾರೆ. ನಡುವಿನ ಎಂಟು ವರ್ಷಗಳು ಕೇವಲ ಕಾಯುವಿಕೆಯ ವರ್ಷಗಳೆಂಬಂತೆ ಕಾಣುತ್ತವೆ. ಆ ಎಂಟು ವರ್ಷಗಳಲ್ಲಿಯೂ ಜನರು ಬದುಕಿದರು, ಮಕ್ಕಳು ಕಾಲೇಜಿಗೆ ಹೋದರು, ರೋವರ್ಸ್ ಪಂದ್ಯಗಳು ನಡೆಯುತ್ತಿದ್ದ ಮುಂಬಯಿಗೆ ರೈಲುಗಳು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನಿಲ್ದಾಣಗಳನ್ನು ಹಾದು ಹೋದವು. ಸೋಲುಗಳನ್ನು ಅಂಗೀಕರಿಸಿದರೆ ಆ ವರ್ಷಗಳೂ ನಮ್ಮವಾಗುತ್ತವೆ.

೮. ಉಪಸಂಹಾರ

ಒಟ್ಟಿನಲ್ಲಿ ನಿರ್ಣಯವು ಹೀಗೆ. ೧೯೪೯-೫೦ ಮತ್ತು ೧೯೫೦-೫೧ರ ಪರಾಜಯಗಳು ಹೈದರಾಬಾದಿನ ಕಾಲ್ಚೆಂಡಾಟದ ಅವನತಿಯನ್ನಲ್ಲ, ಅದರ ಶಿಕ್ಷಣಕಾಲವನ್ನು ಸೂಚಿಸುತ್ತವೆ. ಆ ಶಿಕ್ಷಣದ ಬೇರು ಶಾಲೆ ಕಾಲೇಜುಗಳಲ್ಲಿದ್ದಿತು. ಆ ಕಾಲದಲ್ಲಿ ಆ ರಾಜ್ಯಕ್ಕೆ ಸೇರಿದ್ದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಚರಿತ್ರೆಯಲ್ಲಿ ಈ ಎರಡು ಪಂಕ್ತಿಗಳಿಗೆ ಸ್ಥಾನವು ಸಲ್ಲತಕ್ಕದ್ದು.

ಮಾನ್ಯಖೇಟದ ಸೋಲಿನ ವರ್ಷವನ್ನು ಮಾಳವದ ಕಡೆಯ ಕೋಶದಿಂದ ತಿಳಿಯಬೇಕಾದ ನಮಗೆ 

ಎರಡನೆಯ ಬಾರಿ ಆ ತಪ್ಪು ಸಂಭವಿಸಬಾರದು. ಈ ಸೀಮೆಯ ಶಾಲೆ ಕಾಲೇಜುಗಳಲ್ಲಿ ಸಾಹಿತ್ಯವನ್ನು ಬೋಧಿಸುವ ಮಹನೀಯರು ತಮ್ಮ ಸಂಸ್ಥೆಗಳ ಹಳೆಯ ವಾರ್ಷಿಕ ಸಂಚಿಕೆಗಳನ್ನೂ ವರದಿಗಳನ್ನೂ ಪರಿಶೀಲಿಸುವಾಗ, ಪಾರಿತೋಷಕ ಪಡೆದವರ ಯಾದಿಯೊಡನೆ ಸೋತುಬಂದ ಪಕ್ಷಗಳ ಯಾದಿಯನ್ನೂ ನಕಲುಮಾಡಿಕೊಳ್ಳಬೇಕು. ಗೆದ್ದವರ ಹೆಸರನ್ನು ಬೆಳ್ಳಿಯ ಬಟ್ಟಲೇ ಹೇಳೀತು. ಸೋತವರ ಹೆಸರನ್ನು ಹೇಳುವ ಹೊಣೆಯು ವಿದ್ವಜ್ಜನರದೆಂದು ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುತ್ತೇನೆ.